ಪದ್ಮಿನಿಯೊಳಗಿನ ಗುಬ್ಬಿ

ನವೆಂಬರ್ 11, 2024, ಸೋಮವಾರ

ರುದ್ರವ್ವ ಅಕ್ಕಾವರು ಬೆಳಿಗ್ಗೆ ತಮ್ಮ ಬಿಳಿ ಪದ್ಮಿನಿ ಕಾರನ್ನು ನಮ್ಮ ಮನೆ ಮುಂದೆ ತಂದು ನಿಲ್ಲಿಸಿ, ಎಂಜಿನ್ನಿನಲ್ಲಿ ಗುಬ್ಬಿ ಕೂತಿದೆ ಎಂದರು. ನಲವತ್ತೈದು ವರ್ಷದ ಕಾರು, ಎಪ್ಪತ್ತೊಂದು ವರ್ಷದ ಹೆಂಗಸು. ಬಬಲೇಶ್ವರದ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಓದಿದವರೇ ಹೀಗೆ ಮಾತಾಡಿದರೆ ಓದದವರ ಗತಿ ಏನು?

“ಚಿಂವ್ ಚಿಂವ್ ಅಂತದ ಮಾಸ್ತರ. ಚಾಲೂ ಮಾಡಿದ ಕೂಡ್ಲೇ ಸುರು ಆಗ್ತದ. ನಾ ಜೋರ ಓಡ್ಸಿದ್ರ ಅದೂ ಜೋರ ಒದರ್ತದ” ಎಂದರು.

ಬಾನೆಟ್ ಎತ್ತಿದೆ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಕೆಯನ್ನು ಕಿವಿಗೆ ಒತ್ತಿ, ಹಿಂದಿನಿಂದ ಮುಂದಿನವರೆಗೆ ಒಂದೊಂದೇ ಜಾಗ ಕೇಳುತ್ತಾ ಬಂದೆ. ಜಿಲ್ಲೆಯ ಮೋಟಾರು ಮಂದಿ ನನ್ನನ್ನು ‘ಕಿವಿ ಮಾಸ್ತರ’ ಎಂದು ಸುಮ್ಮನೆ ಕರೆಯಲಿಲ್ಲ. ಮೂವತ್ತೊಂದು ವರ್ಷ ತರಬೇತಿ ಸಂಸ್ಥೆಯಲ್ಲಿ ಹುಡುಗರಿಗೆ ಮೋಟಾರು ಕಲಿಸಿದವನು ನಾನು. ಗೋಡೆಯಾಚೆ ನಿಂತ ಜೀಪಿನ ಯಾವ ವಾಲ್ವು ಸಡಿಲಾಗಿದೆ ಎಂದು ಈಚೆಯಿಂದ ಹೇಳಿದವನು. ಗುಬ್ಬಿಯೂ ಇಲ್ಲ, ಕಾಗೆಯೂ ಇಲ್ಲ. ಹಾಲು ಕುಡಿದ ಕೂಸು ಮಲಗಿದ ಹಾಗೆ ಎಂಜಿನ್ ಗುಂಯ್ ಅನ್ನುತ್ತಿತ್ತು.

ಈ ಗುಬ್ಬಿಯ ಮೂಲ ಆಮೇಲೆ ತಿಳಿಯಿತು. ತಿಕೋಟಾದ ಮೆಕ್ಯಾನಿಕ್ ಈರಯ್ಯ ಅಕ್ಕಾವರಿಗೆ “ನೀರಿನ ಪಂಪು ಹೋಗೇತ್ರಿ, ಬದಲಿ ಮಾಡೋಣ” ಎಂದಿದ್ದಾನಂತೆ. ಈರಯ್ಯ! ಮೌಖಿಕ ಪರೀಕ್ಷೆಯಲ್ಲಿ ಎರಡು ಸಲ ನಾಪಾಸು ಮಾಡಿದ್ದೆ ಅವನನ್ನು. ಪ್ರಶ್ನೆ ಕೇಳಿದರೆ ನೆಲ ನೋಡುತ್ತಿದ್ದ. ಈಗ ತಗಡಿನ ಶೆಡ್ಡು ಹಾಕಿಕೊಂಡು ಹಳೇ ಗಾಡಿಗಳ ಪಂಡಿತನಾಗಿದ್ದಾನೆ.

ಅಕ್ಕಾವರಿಗೆ ಕಾರು ಬೇಕೇ ಬೇಕು. ಅವರ ಶಾಲೆಯಲ್ಲಿ ಆಯಾ ಆಗಿದ್ದ ಕಾಳವ್ವನ ಮೂತ್ರಪಿಂಡ ಕೆಟ್ಟಿದೆ. ಮಂಗಳವಾರ, ಶುಕ್ರವಾರ ಇವರೇ ಅವಳನ್ನು ಡಯಾಲಿಸಿಸ್‌ಗೆ ವಿಜಯಪುರಕ್ಕೆ ಕರೆತರುತ್ತಾರೆ. “ನಿಶ್ಚಿಂತಿ ಓಡಸ್ರಿ” ಎಂದೆ.

ರೋಶನಬಿ ಹೊಸ್ತಿಲಲ್ಲಿ ನಿಂತು ಏನೋ ಗೊಣಗಿದಳು. ನಲವತ್ತು ವರ್ಷ ಮಾಸ್ತರನ ಹೆಂಡತಿಯಾಗಿದ್ದರೂ ಬಾಯಿ ಬಿಟ್ಟು ಮಾತಾಡುವುದನ್ನು ಕಲಿಯಲಿಲ್ಲ.

ನವೆಂಬರ್ 13, ಬುಧವಾರ

ಗ್ಯಾಸಿನವನು ಮೂರು ಸಲ ಬೆಲ್ ಒತ್ತಿ ಹೊರಟುಹೋದನಂತೆ. ಸುಳ್ಳು. ನಾನು ಬಾಗಿಲ ಪಕ್ಕದಲ್ಲೇ ಪೇಪರ್ ಓದುತ್ತಾ ಕೂತಿದ್ದೆ. ಆ ಬೆಲ್ಲೂ ಒಂದು ಕಸ. ಬಂದಾಗಿನಿಂದ ಅದರ ಗಂಟಲು ಕಟ್ಟಿದೆ. ಟೀವಿಯಲ್ಲಿ ವಾರ್ತೆ ಓದುವವರೂ ಹಾಗೆಯೇ. ಮಾತನ್ನು ಅರ್ಧ ನುಂಗಿ ಅರ್ಧ ಉಗುಳುತ್ತಾರೆ. ಈಗ ಮನೆಯೊಳಗೆ ರೋಶನಬಿಯೂ ಆ ಪಂಥಕ್ಕೆ ಸೇರಿದ್ದಾಳೆ. ‘ಬಟಾಟಿ’ ಅಂದಳೋ ‘ಟಮಾಟಿ’ ಅಂದಳೋ, ನಾನು ಒಂದು ತಂದರೆ ಅವಳಿಗೆ ಬೇಕಾದದ್ದು ಇನ್ನೊಂದು.

ನವೆಂಬರ್ 17, ಭಾನುವಾರ

ಇಂದು ತಿಕೋಟಾಕ್ಕೆ ಹೋಗಿ ಈರಯ್ಯನ ವೇಷ ಕಳಚಿ ಬಂದೆ.

ಅಕ್ಕಾವರ ಮನಸ್ಸಿನ ಗುಬ್ಬಿ ಹಾರಿರಲಿಲ್ಲ. “ನೀವು, ಈರಯ್ಯ ಇಬ್ರೂ ಇದ್ದಾಗ ತೀರ್ಮಾನ ಆಗ್ಲಿ” ಎಂದು ಬೆಳಿಗ್ಗೆಯೇ ಬಂದರು. ರೋಶನಬಿಯೂ ಹತ್ತಿ ಕೂತಳು. ಯಾಕೆ ಎಂದು ಕೇಳಿದ್ದಕ್ಕೆ ಸರಿಯಾಗಿ ಉತ್ತರಿಸಲಿಲ್ಲ.

ಶೆಡ್ಡಿನ ಮುಂದೆ ನಾಲ್ಕು ಗಾಡಿ ನಿಂತಿದ್ದವು. ಜನಕ್ಕೆ ಬುದ್ಧಿ ಇಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಟೆಂಪೋದ ಇಸಾಕ ಅಲ್ಲಿದ್ದ, ಇನ್ನೂ ಮೂರು ನಾಲ್ಕು ಮಂದಿ. ಈರಯ್ಯ ಕೈಯ ಆಯಿಲ್ ಒರೆಸಿಕೊಳ್ಳುತ್ತಾ ಓಡಿಬಂದ.

“ಬರ್ರಿ ಸರ್, ನೆರಳಿಗೆ ಬರ್ರಿ. ಕುರ್ಚಿ ತರ್ತೀನಿ.”

“ಕೂಡಾಕ ಬಂದಿಲ್ಲ. ಪಂಪು ಹೋಗೇತಿ ಅಂದಿಯಂತಲ್ಲ, ಹೆಂಗ ಹೋಗೇತಿ ತೋರ್ಸು.”

ಎಂಜಿನ್ ಚಾಲೂ ಮಾಡಿದ. ಸ್ವಲ್ಪ ಹೊತ್ತು ಬಿಟ್ಟು ಬಂದ್ ಮಾಡಿ ಫ್ಯಾನ್ ಬೆಲ್ಟ್ ಬಿಚ್ಚಿದ. ಮತ್ತೆ ಚಾಲೂ ಮಾಡಿದ.

“ಈಗ ಕೇಳ್ರಿ ಸರ್. ಬೆಲ್ಟ್ ತಗದ ಮ್ಯಾಲ ಸಪ್ಪಳ ಬಂದ್ ಆತು. ಅಂದ್ರ ಬೆಲ್ಟ್ ತಿರಗಸೂ ಸಾಮಾನದಾಗ ಐತಿ. ಡೈನಮೋ ಕೈಲೆ ತಿರುವಿ ನೋಡೀನಿ, ಚಲೋ ಐತಿ. ಉಳದಿದ್ದು ಪಂಪು.”

ಪಾಠ ಸರಿಯಾಗಿಯೇ ಒಪ್ಪಿಸಿದ. ಆದರೆ ಬೆಲ್ಟ್ ಇದ್ದಾಗ ಹೇಗಿತ್ತೋ ತೆಗೆದ ಮೇಲೂ ಹಾಗೇ ಇತ್ತು. ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ.

“ಏನ್ ಬಂದ್ ಆತು? ಮೊದಲ ಹೆಂಗಿತ್ತೋ ಈಗೂ ಹಂಗ ಐತಿ” ಎಂದೆ.

ಸುತ್ತ ನಿಂತವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಸಾಕ ಏನೋ ಹೇಳಲು ಬಾಯಿ ತೆರೆದ. ಈರಯ್ಯ ಅವನ ತೋಳು ಹಿಡಿದ. ಆಮೇಲೆ ನನ್ನ ಮುಖ ನೋಡಿದ, ರೋಶನಬಿಯ ಮುಖ ನೋಡಿದ, ಅಭ್ಯಾಸದಂತೆ ನೆಲ ನೋಡಿದ.

“ಆತ್ರಿ ಸರ್. ನನಗ ತಪ್ಪ ಕೇಳ್ಸಿರಬೇಕು” ಎಂದ.

ಕಳ್ಳ ಸಿಕ್ಕಿಬಿದ್ದ ಮೇಲೆ ಬಿಡುವವನು ನಾನಲ್ಲ. “ಇಲ್ಲದ ಜಡ್ಡು ಹುಟ್ಟಿಸಿ ಔಷಧ ಮಾರ್ತೀಯೇನಲೇ? ಅವತ್ತು ನಾಪಾಸ ಮಾಡಿದ್ದು ಸುಳ್ಳಾಗ್ಲಿಲ್ಲ ನೋಡು” ಎಂದು ಎಲ್ಲರೂ ಕೇಳುವಂತೆ ಹೇಳಿದೆ. ಅವನು ಬೆಲ್ಟ್ ಮತ್ತೆ ಕೂಡಿಸಿ, ಬಾನೆಟ್ ಇಳಿಸಿ, ಅದರ ಮೇಲಿದ್ದ ತನ್ನ ಕೈಗುರುತನ್ನು ಅರಿವೆಯಿಂದ ಒರೆಸಿದ.

“ಗುಬ್ಬಿ ಸುಮ್ನಾಗಿತ್ತಲ್ಲ ಮಾಸ್ತರ?” ಎಂದರು ಅಕ್ಕಾವರು.

“ನೀವು ಕಿವಿಲೆ ಕೇಳ್ಲಿಲ್ಲ ಅಕ್ಕಾವ್ರ, ಅಂವನ ಮಾತಿಲೆ ಕೇಳಿದ್ರಿ.”

ಅವರು ಬಾನೆಟ್ಟಿನ ಕಡೆ ಒಮ್ಮೆ ನೋಡಿದರು. “ನಿಮ್ಮ ಮಾತ ಮೀರಂಗಿಲ್ಲ” ಎಂದರು. ಕೊನೆಗೂ ಓದಿದವರ ಲಕ್ಷಣ.

ವಾಪಸು ಬರುವಾಗ ತೊರವಿ ಹತ್ತಿರ ರೋಶನಬಿ ಎರಡು ಸಲ ಏನೋ ಹೇಳಿದಳು. “ಹೌದು ಹೌದು” ಎಂದೆ. ಅವಳು ಕಿಟಕಿಯ ಕಡೆ ತಿರುಗಿ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಆ ರಸ್ತೆಯಲ್ಲಿ ಧೂಳು ಬಹಳ.

ನವೆಂಬರ್ 18, ಸೋಮವಾರ

ಸುದ್ದಿ ಹರಡಿದೆ. ಇಸಾಕನಿಗೆ ನಾನೇ ಫೋನ್ ಮಾಡಿ, ಟೆಂಪೋ ಅಲ್ಲಿ ಬಿಡಬೇಡ ಎಂದೆ. ಅವನು ಏನೇನೋ ಹೇಳಿದ, ಲೈನು ಸರಿಯಿರಲಿಲ್ಲ. ಇನ್ನೂ ಇಬ್ಬರಿಗೆ ಹೇಳಿದೆ. ಒಬ್ಬ ಅಡ್ಡಕಸುಬಿ ಕಡಿಮೆಯಾದರೆ ತಾಲೂಕಿಗೆ ಉಪಕಾರ.

ನವೆಂಬರ್ 27, ಬುಧವಾರ

ಅಕ್ಕಾವರ ಫೋನು. ಸಪ್ಪಳ ಹೆಚ್ಚಾಗಿದೆಯಂತೆ. ಬಬಲೇಶ್ವರದ ಬಜಾರಿನಲ್ಲಿ ಮಂದಿ ತಿರುಗಿ ನೋಡುತ್ತಾರಂತೆ. ಮಂದಿ ನೋಡುವುದು ಹಳೇ ಕಾರನ್ನು, ಅದನ್ನು ಓಡಿಸುವ ಅಜ್ಜಿಯನ್ನು ಎಂದೆ. ನಗಲಿಲ್ಲ. ಕಿಟಕಿ ಮುಚ್ಚಿ ಓಡಿಸುವ ಹೊಸ ಕಾರುಗಳ ಕಾಲದಲ್ಲಿ ಎಂಜಿನ್ ಉಸಿರಾಡಿದರೂ ಜನಕ್ಕೆ ರೋಗವೆನಿಸುತ್ತದೆ.

ಡಿಸೆಂಬರ್ 3, ಮಂಗಳವಾರ

ರಸ್ತೆ ಕೆಟ್ಟಿದೆ. ಆ ರಸ್ತೆಯಲ್ಲಿ ಯಾವ ಫ್ಯಾನು ನಿಂತೀತು? ಅಕ್ಕಾವರು ಗೇರು ಎಳೆಯುವ ರೀತಿಯೂ ಸರಿಯಿಲ್ಲ.

ಇರಲಿ, ಆದದ್ದನ್ನು ಬರೆಯುತ್ತೇನೆ. ಬೆಳಿಗ್ಗೆ ಎಂಟೂವರೆಗೆ ಸಾರವಾಡ ದಾಟುವಾಗ ಪದ್ಮಿನಿಯ ಫ್ಯಾನು ಕಿತ್ತುಕೊಂಡು ಮುಂದಕ್ಕೆ ಬಂದು ರೇಡಿಯೇಟರಿಗೆ ಹೊಕ್ಕಿತು. ನೀರೆಲ್ಲ ಹೋಯಿತು, ಹೊಗೆಯಂಥ ಉಗಿ ಎದ್ದಿತು. ಹಿಂದಿನ ಸೀಟಿನಲ್ಲಿ ಕಾಳವ್ವ ಮಲಗಿದ್ದಳು. ಒಂದು ಬಸ್ಸು ನಿಂತಿತಂತೆ. ಅವಳಿಗೆ ಮೆಟ್ಟಿಲು ಹತ್ತಲಾಗಲಿಲ್ಲ.

ಅಕ್ಕಾವರು ನನಗೆ ಏಳು ಸಲ ಫೋನ್ ಮಾಡಿದ್ದಾರೆ. ಫೋನು ಮೇಜಿನ ಮೇಲಿತ್ತು. ನಾನು ಅದೇ ಮೇಜಿನ ಮುಂದೆ ಚಹಾ ಕುಡಿಯುತ್ತಿದ್ದೆ. ಪಕ್ಕದ ಮನೆಯಿಂದ ಬಂದ ರೋಶನಬಿ ಫೋನಿನ ಮೇಲೆ ಏಳು ಎಂಬ ಅಂಕಿ ನೋಡಿ ನನಗೆ ಹಿಡಿದು ತೋರಿಸಿದಳು. ಈ ಫೋನು ಕೆಟ್ಟಿದೆ, ತೋರಿಸಬೇಕು.

ಆಮೇಲೆ ಅಕ್ಕಾವರು ಈರಯ್ಯನಿಗೆ ಮಾಡಿದರಂತೆ. ಒಂದೇ ರಿಂಗಿಗೆ ಎತ್ತಿದ. ತಿಕೋಟಾದಿಂದ ತನ್ನ ಗಾಡಿ ತಂದು, ಕಾಳವ್ವನನ್ನು ಎರಡೂ ಕೈಯಲ್ಲಿ ಎತ್ತಿ ಕೂರಿಸಿ ಆಸ್ಪತ್ರೆಗೆ ಮುಟ್ಟಿಸಿದ. ಮುಟ್ಟುವಷ್ಟರಲ್ಲಿ ಅವಳ ಎದೆಯಲ್ಲಿ ನೀರು ತುಂಬಿ ಉಸಿರು ಸಿಕ್ಕಿಕೊಂಡಿತ್ತು. ತುರ್ತು ಘಟಕದಲ್ಲಿ ಇಟ್ಟಿದ್ದಾರೆ.

ಫ್ಯಾನು ಕಿತ್ತುಬರಲು ಹತ್ತು ಕಾರಣ ಇರುತ್ತವೆ. ನಾಳೆ ನಾನೇ ಹೋಗಿ ನೋಡುತ್ತೇನೆ.

ಡಿಸೆಂಬರ್ 4, ಬುಧವಾರ

ಬಸ್ಸಿಗೆ ತಿಕೋಟಾಕ್ಕೆ ಹೋದೆ. ಈರಯ್ಯ ನಿನ್ನೆಯೇ ಪದ್ಮಿನಿಯನ್ನು ಎಳೆದು ತಂದು ಪಂಪು ಬಿಚ್ಚಿದ್ದ, ಅದನ್ನು ನನ್ನ ಕೈಗಿಟ್ಟ. ಫ್ಯಾನು ಕೂರುವ ಅದರ ಶಾಫ್ಟು ಹಿಡಿದು ಅಲುಗಿಸಿದೆ. ಮುದುಕನ ಹಲ್ಲಿನ ಹಾಗೆ ಅಲುಗಿತು. ಬೇರಿಂಗಿನ ಗುಂಡುಗಳು ಅಂಗೈಗೆ ಉದುರಿದವು. ಎರಡು ಪುಡಿಯಾಗಿದ್ದವು. ನೀರು ಸೋರಿ ತುಕ್ಕಿನ ಗೆರೆ ಮೂಡಿತ್ತು.

“ಎಷ್ಟ ದಿನದಿಂದ ಒದರತಿತ್ತೋ ಇದು?”

“ತಿಂಗಳ ಮ್ಯಾಲ ಆತ್ರಿ ಸರ್.”

ಈ ಸ್ಥಿತಿಯ ಬೇರಿಂಗ್ ಕಿರುಚಬೇಕು. ‘ಇದು ಕೇಳಿಸದವನು ಎಮ್ಮೆ ಕಾಯಲು ಹೋಗಲಿ’ ಎಂದು ಪ್ರತಿ ವರ್ಷ ಕ್ಲಾಸಿನಲ್ಲಿ ಹೇಳುತ್ತಿದ್ದೆ.

ಡಿಸೆಂಬರ್ 6, ಶುಕ್ರವಾರ

ಊಟಕ್ಕೆ ಕೂತಾಗ ಅನ್ನ ತಳ ಹಿಡಿದಿತ್ತು. ಕುಕ್ಕರ್ ಎಷ್ಟು ಸೀಟಿ ಹೊಡೆಯಿತು ಎಂದು ಬೈದೆ. ರೋಶನಬಿ ನನ್ನೆದುರು ಕೂತು, ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ಮದುವೆಯಾದಾಗಿನಿಂದ ಹಾಗೆ ಮಾಡಿದವಳಲ್ಲ.

“ಒಂಬತ್ತು ಹೊಡದೈತ್ರಿ. ನಾ ಬೇಕಂತ ಬಂದ್ ಮಾಡ್ಲಿಲ್ಲ. ನೀವು ಅಡಗಿಮನಿ ಬಾಗಲದಾಗ ಕುಂತಿದ್ರಿ.”

“ನಾ ಪೇಪರ್ ಓದಾಕತ್ತಿದ್ದೆ.”

“ನಾ ಗೊಣಗೂದಿಲ್ರಿ. ಬೆಲ್ ಕೆಟ್ಟಿಲ್ಲ, ಫೋನ್ ಕೆಟ್ಟಿಲ್ಲ. ನಿಮಗ ಸಣ್ಣ ಸಪ್ಪಳ ಕೇಳ್ಸೂದಿಲ್ಲ. ಎರಡ ವರ್ಷ ಆತು.”

“ಎರಡ ವರ್ಷ ಬಾಯಿ ಮುಚಗೊಂಡು ಕುಂತಿದ್ದಿಯೇನು? ಯಾಕ ಹೇಳ್ಲಿಲ್ಲ?”

“ಹೇಳೀನ್ರಿ. ತೊರವಿ ಹಂತ್ಯಾಕ ಎರಡ ಸಲ ಹೇಳೀನಿ. ಕೇಳ್ಸಿಲ್ಲ ನಿಮಗ.”

ತಾಟು ಸರಿಸಿ ಎದ್ದೆ. ಮುದುಕಿಗೆ ಮರುಳು. ನಾನು ಕಿವಿ ಮಾಸ್ತರ. ಸಂಜೆ ಅವಳಿಗೆ ಗೊತ್ತಾಗದಂತೆ ಕುಕ್ಕರಿನಲ್ಲಿ ನೀರು ಹಾಕಿ ಒಲೆಯ ಮೇಲಿಟ್ಟು ಎರಡು ಮಾರು ದೂರ ನಿಂತೆ. ಸೀಟಿಯ ಗುಂಡು ಎದ್ದಿತು, ಉಗಿ ಹಾರಿತು. ಅದು ನಾಲ್ಕು ಸಲ ಎದ್ದು ಕೂತದ್ದನ್ನು ನೋಡಿದೆ.

ನೋಡಿದೆ, ಅಷ್ಟೇ.

ಡಿಸೆಂಬರ್ 8, ಭಾನುವಾರ

ಆಸ್ಪತ್ರೆಗೆ ಹೋದೆವು. ಕಾಳವ್ವನನ್ನು ಸಾಮಾನ್ಯ ವಾರ್ಡಿಗೆ ತಂದಿದ್ದಾರೆ. ಬದುಕಿಕೊಂಡಳು. ಕೈ ಮೇಲಿನ ಚರ್ಮ ಹಳೇ ನೋಟಿನ ಹಾಗೆ ಮಡಿಕೆ ಬಿದ್ದಿದೆ. ನನ್ನನ್ನು ನೋಡಿ ಏನೋ ಅಂದಳು. ರೋಶನಬಿ ನನ್ನ ಎಡಕ್ಕೆ ಬಂದು ನಿಂತು, “ಚಹಾ ಕುಡದ್ರೇನಂತ ಕೇಳಾಕತ್ಯಾಳ” ಎಂದಳು. ನನ್ನ ಮಾತಿನಿಂದ ಸಾಯುವ ಹಂತಕ್ಕೆ ಹೋದವಳು ನನಗೆ ಚಹಾ ಆಯಿತೇ ಎಂದು ಕೇಳುತ್ತಾಳೆ. ಇಂಥವರಿಗೆ ಬೈಯಲೂ ಬರುವುದಿಲ್ಲ.

ಅಕ್ಕಾವರಿಗೆ ಬರುತ್ತದೆ. ವರಾಂಡದಲ್ಲಿ ನನ್ನನ್ನು ನಿಲ್ಲಿಸಿಕೊಂಡರು. ಅವರ ದನಿ ದಪ್ಪ, ಒಂದಕ್ಷರವೂ ತಪ್ಪಲಿಲ್ಲ.

“ನಮ್ಮ ಸಾಲ್ಯಾಗ ಕಿವಿ ಕೇಳದ ಹುಡುಗ್ರೂ ಇದ್ರು ಮಾಸ್ತರ. ಮುಂದಿನ ಬೆಂಚಿಗೆ ಬಂದು ಕುಂಡ್ರತಿದ್ರು. ಮಂದಿಗೆ ಕಳ್ಳರು ಅಂತಿದ್ದಿಲ್ಲ.”

ನೆಲದ ಫರಸಿಕಲ್ಲು ನೋಡುತ್ತಾ ನಿಂತೆ.

ಡಿಸೆಂಬರ್ 11, ಬುಧವಾರ

ಕಿವಿಯ ಡಾಕ್ಟರು ಮೊನ್ನೆ ಮೊನ್ನೆ ಕಾಲೇಜು ಬಿಟ್ಟ ಹುಡುಗಿ. ಹೆಸರು ಸುಮಯ್ಯಾ. ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ, ಸಪ್ಪಳ ಕೇಳಿದಾಗ ಗುಂಡಿ ಒತ್ತಿ ಎಂದಳು. ಬಹಳ ಹೊತ್ತು ಯಂತ್ರ ಚಾಲೂ ಮಾಡಲು ಮರೆತಿದ್ದಾಳೆ ಎಂದುಕೊಂಡೆ.

ಕಾಗದದ ಮೇಲೆ ಗೆರೆ ತೋರಿಸಿದಳು. ಎಡದಿಂದ ಸಮನಾಗಿ ಬಂದು ಬಲಕ್ಕೆ ಬಾವಿಗೆ ಬಿದ್ದ ಹಾಗೆ ಇಳಿದಿದೆ. ದಪ್ಪ ದನಿ, ಎಂಜಿನ್ನಿನ ಗುಂಯ್ ಎನ್ನುವುದು ಕೇಳುತ್ತದೆ. ಸಣ್ಣ ದನಿ, ಸೀಟಿ, ಚಿಂವ್ ಚಿಂವ್ ಹೋಗಿವೆ. ಮೂವತ್ತು ವರ್ಷ ಎಂಜಿನ್ನುಗಳ ಪಕ್ಕ ನಿಂತವರಿಗೆ ಹೀಗಾಗುತ್ತದಂತೆ. ಮೆಷೀನ್ ಹಾಕಿಕೊಂಡರೆ ಸ್ವಲ್ಪ ಸುಧಾರಿಸುತ್ತದೆ, ಮೊದಲಿನ ಹಾಗೆ ಆಗುವುದಿಲ್ಲ ಎಂದಳು. ಮುಚ್ಚುಮರೆ ಮಾಡಲಿಲ್ಲ. ನನ್ನ ಕ್ಲಾಸಿನಲ್ಲಿದ್ದರೆ ಪಾಸಾಗುತ್ತಿದ್ದಳು.

ಮೆಷೀನು ಬರಲು ಎರಡು ವಾರ. ಬಟಾಣಿ ಕಾಳಿನಷ್ಟು ಪ್ಲಾಸ್ಟಿಕ್. ಅದು ಬೇರಿಂಗ್ ಕೇಳುತ್ತದಂತೆ, ನಾನು ಕೇಳುವುದಿಲ್ಲವಂತೆ.

ಡಿಸೆಂಬರ್ 15, ಭಾನುವಾರ

ಈರಯ್ಯ ಹೊಸ ಪಂಪು ಸರಿಯಾಗಿ ಕೂಡಿಸಿದ್ದಾನೋ ಇಲ್ಲವೋ ನೋಡಿ ಬರೋಣವೆಂದು ಹೊರಟೆ. ರೋಶನಬಿಗೆ ನೀನೂ ಬಾ ಎಂದೆ. ಬಸ್ಸಿನಲ್ಲಿ ಒಬ್ಬನೇ ಕೂತರೆ ಬೇಸರ.

ಶೆಡ್ಡಿನ ಮುಂದೆ ಪದ್ಮಿನಿ ಒಂದೇ ನಿಂತಿತ್ತು. ಬೇರೆ ಗಾಡಿ ಇಲ್ಲ.

“ಗಿರಾಕಿ ಎಲ್ಲಿ?” ಎಂದೆ.

“ರವಿವಾರ ಐತಲ್ರಿ ಸರ್” ಎಂದ.

ಹಿಂದೆ ನಾಲ್ಕು ಗಾಡಿ ನಿಂತಿದ್ದೂ ಭಾನುವಾರವೇ. ಸುಳ್ಳು ಹೇಳಲೂ ಬಾರದವನು. ಪಂಪು ನೋಡಿದೆ. ಬೋಲ್ಟುಗಳು ಒಂದಕ್ಕೊಂದು ಸಮ, ಬೆಲ್ಟಿನ ಬಿಗಿ ಬೆರಳು ಒತ್ತಿದರೆ ಎಷ್ಟು ತಗ್ಗಬೇಕೋ ಅಷ್ಟೇ. ತಪ್ಪು ಹುಡುಕಿದೆ, ಸಿಗಲಿಲ್ಲ. ಕುರ್ಚಿ ತಂದಿಟ್ಟ. ಈ ಸಲ ಕೂತೆ.

“ಅವತ್ತ ಬೆಲ್ಟ್ ತಗದಾಗ ಸಪ್ಪಳ ಬಂದ್ ಆಗಿತ್ತಲ್ಲ?”

ಅವನು ನೆಲ ನೋಡಿದ. ರೋಶನಬಿ, “ಜೋರ ಹೇಳಪ್ಪಾ, ನಿಮ್ಮ ಸರ್ ಮಾರಿ ನೋಡಿ ಹೇಳು” ಎಂದಳು.

“ಬಂದ್ ಆಗಿತ್ರಿ ಸರ್. ಎಲ್ಲಾರಿಗೂ ಕೇಳ್ಸೇತಿ.”

“ಮತ್ತ ‘ನನಗ ತಪ್ಪ ಕೇಳ್ಸೇತಿ’ ಅಂತ ಯಾಕಂದಿ?”

“ನಿಮಗ ಕೇಳ್ಸವಲ್ದು ಅಂತ ತಿಳೀತ್ರಿ. ಅಷ್ಟು ಮಂದಿ ಮುಂದ ಅದನ್ನ ಹೆಂಗ ಹೇಳ್ಲಿ? ನೀವು ಕಿವಿ ಮಾಸ್ತರು.” ಕೈಯ ಅರಿವೆ ಮಡಚುತ್ತಾ ಹೇಳಿದ, “ತಪ್ಪ ನಂದೂ ಐತ್ರಿ. ಮರುದಿನ ಅಕ್ಕಾವ್ರ ಮನಿಗೆ ಹೋಗಿ ಹೇಳಬೇಕಿತ್ತು. ಕಾಳವ್ವಾಯಿ ಆ ಕಾರಿನ್ಯಾಗ ಹೋಗ್ತಾಳಂತ ಗೊತ್ತಿದ್ದಿಲ್ಲ ನನಗ.”

ಮೂರ್ಖ. ಕಳ್ಳ ಅನಿಸಿಕೊಂಡ, ಗಿರಾಕಿ ಕಳೆದುಕೊಂಡ, ಒಂದು ಮಾತು ಎದುರಾಡಲಿಲ್ಲ. ಇಂಥವನನ್ನು ಎರಡು ಸಲ ನಾಪಾಸು ಮಾಡಿದವನು ಇನ್ನೂ ದೊಡ್ಡ ಮೂರ್ಖನಿರಬೇಕು. ಮೌಖಿಕ ಪರೀಕ್ಷೆಯಲ್ಲಿ ಅವನು ನೆಲ ನೋಡುತ್ತಿದ್ದದ್ದು ಉತ್ತರ ಗೊತ್ತಿಲ್ಲದೆಯೋ, ಅಥವಾ ನಾನು ಹೇಳಿದ್ದೇ ತಪ್ಪೆಂದು ತಿಳಿದೋ? ಈಗ ಕೇಳಲಿಲ್ಲ.

ಎದ್ದು ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಅಲ್ಲಿ ಚಹಾದಂಗಡಿಯ ಮುಂದೆ ಇಸಾಕ ಕೂತಿದ್ದ, ಟೆಂಪೋ ಜೀಪಿನವರು ಎಂಟು ಹತ್ತು ಮಂದಿ ಇದ್ದರು. ಈರಯ್ಯ “ಸರ್, ಬ್ಯಾಡ್ರಿ” ಎನ್ನುತ್ತಾ ಹಿಂದೆ ಬಂದ. ಅದು ಕೇಳಿಸಿತು, ಕೇಳಿಸದವನ ಹಾಗೆ ನಡೆದೆ. ಕಿವುಡಿನಿಂದ ಇಷ್ಟಾದರೂ ಉಪಯೋಗ.

“ಏ ಇಸಾಕ, ಎಲ್ಲಾರೂ ಕೇಳ್ರಿ” ಎಂದೆ. “ನನ್ನ ಕಿವಿ ಹೋಗ್ಯಾವ. ಎರಡ ವರ್ಷ ಆತು. ಪಂಪು ಹೋಗಿದ್ದು ಖರೆ, ಈರಯ್ಯ ಹೇಳಿದ್ದು ಖರೆ. ಅಂವಗ ಕಳ್ಳ ಅಂದಿದ್ದು ನಂದು ಸುಳ್ಳು. ಕಾಳವ್ವ ದವಾಖಾನಿ ಸೇರಿದ್ದು ನನ್ನ ಮಾತಿಲೆ. ನಿಮ್ಮ ಗಾಡಿ ಅಂವನ ಕಡೆ ಒಯ್ರಿ.”

ಬಹಳ ಜೋರಾಗಿ ಹೇಳಿದೆನಂತೆ. ಬಸ್ಸು ಹತ್ತುತ್ತಿದ್ದವರೂ ನಿಂತು ನೋಡಿದರಂತೆ. ರೋಶನಬಿ ಆಮೇಲೆ ಹೇಳಿದಳು.

ಈರಯ್ಯ ನನ್ನ ಹಿಂದೆ ನಿಂತಿದ್ದ. ಅವನ ಮುಖ ನಾನು ನೋಡಲಿಲ್ಲ. ಆಮೇಲೆ ಇಸಾಕ ಬೆಂಚಿನಿಂದ ಎದ್ದು ಹತ್ತಿರ ಬಂದು, ನನ್ನ ಎರಡೂ ಕೈ ಹಿಡಿದು ಮೆಲ್ಲಗೆ ಏನೋ ಹೇಳಿದ. ತುಟಿ ಬಹಳ ಹೊತ್ತು ಆಡಿದವು. ಸುತ್ತಲಿನವರು ತಲೆಯಾಡಿಸಿದರು.

ನಾನು ರೋಶನಬಿಯ ಕಡೆ ತಿರುಗಿದೆ. “ಏನಂದ?”

ಅವಳು ನನ್ನ ಎಡಗಿವಿಗೆ ಬಾಯಿ ತಂದು, “ಚಹಾ ಕುಡೀರಿ ಅಂದಾನ” ಎಂದಳು.

ಅಷ್ಟೇ ಅಲ್ಲ ಅವನು ಅಂದದ್ದು. ನಾನು ಮತ್ತೆ ಕೇಳಲಿಲ್ಲ. ಬೆಂಚಿನ ಮೇಲೆ ಈರಯ್ಯನಿಗೆ ಜಾಗ ಮಾಡಿ ಕೂತೆ.